ಈಜು ಬಾರದವರ ಕಡಲಯಾತ್ರೆ

ನವರಾತ್ರಿ ಕಳೆದು ದೀಪಾವಳಿಯ ಪಟಾಕಿಯ ಸದ್ದು ಅಡಗಿತೆಂದರೆ ನಮ್ಮ ಬಯಲುಸೀಮೆಯ ಜನಕ್ಕೆ ಕಡಲಿನ ಹುಚ್ಚು ಹಿಡಿಯುತ್ತದೆ. ದೊಡ್ಡಬಳ್ಳಾಪುರದ ಮಗ್ಗದ ಮನೆಗಳವರು, ದೇವನಹಳ್ಳಿಯ ವಿಮಾನನಿಲ್ದಾಣದಲ್ಲಿ ದುಡಿಯುವವರು, ನೆಲಮಂಗಲದ ಕಾರ್ಖಾನೆಯ ಹುಡುಗರು, ಹೊಸಕೋಟೆಯ ಉಪಾಧ್ಯಾಯರು, ಎಲ್ಲರ ಬಾಯಲ್ಲಿಯೂ ಒಂದೇ ಮಾತು: ಈ ಸಲ ಮುರುಡೇಶ್ವರ. ಹಣವುಳ್ಳವರು ದೇವನಹಳ್ಳಿಯಲ್ಲೇ ವಿಮಾನ ಹತ್ತಿ ಬಾಲಿಗೋ ಥಾಯ್ಲೆಂಡಿಗೋ ಹಾರಿಬಿಡುತ್ತಾರೆ. ಅವರ ಗೊಡವೆ ನನಗೆ ಬೇಡ. ಚೀಟಿಯ ಹಣ ಕೂಡಿಟ್ಟು, ಟೆಂಪೋ ಗೊತ್ತುಮಾಡಿ, ಎರಡು ರಾತ್ರಿ ನಿದ್ದೆಗೆಟ್ಟು ಅರಬ್ಬೀ ಸಮುದ್ರವನ್ನು ನೋಡಿಬರುವವರನ್ನು ಕುರಿತೇ ಈ ಮಾತು.

ಅವರ ಆಯ್ಕೆ ತಪ್ಪೆಂದು ಯಾರೂ ಹೇಳಲಾರರು. ಮುರುಡೇಶ್ವರದಲ್ಲಿ 123 ಅಡಿ ಎತ್ತರದ ಶಿವನಿದ್ದಾನೆ, 20 ಅಂತಸ್ತಿನ ಗೋಪುರವಿದೆ. ದಡದಿಂದ ಸುಮಾರು 19 ಕಿಲೋಮೀಟರು ದೂರದಲ್ಲಿ ನೇತ್ರಾಣಿ ದ್ವೀಪವಿದೆ. ಅದರ ಬುಡದ ಬಂಡೆಗಳ ಮೇಲೆ ಹವಳ ಬೆಳೆದಿದೆ, ಅದರ ಸುತ್ತ ಬಣ್ಣಬಣ್ಣದ ಮೀನುಗಳು ಆಡುತ್ತವೆ, ಮೇಲಿನ ಕಾಡಿನಲ್ಲಿ ಬಿಳಿಹೊಟ್ಟೆಯ ಕಡಲಹದ್ದು ಗೂಡು ಕಟ್ಟುತ್ತದೆ. ಕಡಲಿಗೆ ಬೆನ್ನು ಮಾಡಿ, ಹೊನ್ನಾವರದಿಂದ ಶರಾವತಿಯ ಗುಂಟ ಗೇರುಸೊಪ್ಪೆಯ ಘಟ್ಟ ಹತ್ತಿದರೆ ಕತ್ತಲೆಕಾನು. ಹೆಸರೇ ಸಾರುವಂತೆ ಹಗಲಿನಲ್ಲೂ ಬಿಸಿಲು ನೆಲ ಮುಟ್ಟದ ಮಳೆಕಾಡು. ಜೌಗಿನಿಂದ ಮಡಿಸಿದ ಮೊಣಕಾಲಿನಂತಹ ಬೇರುಗಳನ್ನು ಮೇಲೆತ್ತಿ ನಿಂತ ರಾಮಪತ್ರೆಯ ಜಡ್ಡಿಗಳು. ಅದೃಷ್ಟವಿದ್ದರೆ ಮರದ ನೆತ್ತಿಯಲ್ಲಿ ಸಿಂಗಳೀಕದ ಹಿಂಡು. ಹವಳವೂ ಮಳೆಕಾಡೂ ಒಂದೇ ದಿನದ ದಾರಿಯಲ್ಲಿ ಸಿಗುವ ಊರು ನಮ್ಮ ರಾಜ್ಯದಲ್ಲಿ ಇಂತಹುದು ಬೇರೊಂದನ್ನು ನಾನು ಕಾಣೆ. 2020ರಲ್ಲಿ ಆರಂಭವಾದ ಪಂಚಗಂಗಾ ಎಕ್ಸ್‌ಪ್ರೆಸ್ ಸಂಜೆ ಬೆಂಗಳೂರು ಬಿಟ್ಟು, ನಮ್ಮ ನೆಲಮಂಗಲವನ್ನು ಹಾದು, ರಾತ್ರಿಯಲ್ಲಿ ಸಕಲೇಶಪುರದ ಘಟ್ಟವಿಳಿದು, ಬೆಳಗಿನ ಹೊತ್ತಿಗೆ ಅಲ್ಲಿ ಇಳಿಸುತ್ತದೆ. ಹೋಗಲಿ, ಎಲ್ಲರೂ ಹೋಗಲಿ, ಮಕ್ಕಳನ್ನೂ ಕರೆದುಕೊಂಡು ಹೋಗಲಿ.

ನನ್ನ ಜಗಳವಿರುವುದು ಅವರು ಹಾಕುವ ಯೋಜನೆಯೊಡನೆ. ಹೊಸಕೋಟೆಯ ಪರಿಚಿತರೊಬ್ಬರು ತಮ್ಮ ಪ್ರವಾಸದ ಪಟ್ಟಿಯನ್ನು ನನ್ನ ಮುಂದೆ ಹರಡಿದರು. ಎರಡು ರಾತ್ರಿ, ಮೂರು ಹಗಲು, ಒಂಬತ್ತು ಸ್ಥಳ. ಯಾವ ಊರಿನಲ್ಲಿ ಇಡ್ಲಿ, ಎಲ್ಲಿ ಊಟ, ಪುಳಿಯೋಗರೆ ಎಷ್ಟು ಹೊತ್ತು ಕೆಡದೆ ಇರುತ್ತದೆ, ಕೊಠಡಿಗೆ ಎಷ್ಟು, ಯಾರ ಪಕ್ಕ ಯಾರು ಮಲಗಬೇಕು, ಎಲ್ಲವೂ ಇತ್ತು. ಮದುವೆಯ ಮನೆಯವರೂ ಇಷ್ಟು ಅಚ್ಚುಕಟ್ಟಾಗಿ ಬರೆದಿಡಲಾರರು. ಸಮುದ್ರದ ಪಾಲಿಗೆ ಬಂದದ್ದು ಒಂದೇ ಸಾಲು: ‘ಸಂಜೆ 4ರಿಂದ 6, ನೀರಾಟ’. ನಿಮ್ಮಲ್ಲಿ ಈಜು ಬರುವವರು ಎಷ್ಟು ಮಂದಿ ಎಂದು ಕೇಳಿದೆ. “ಯಾರ್ಗೂ ಬರಲ್ಲ ಸಾರ್. ಮೊಣಕಾಲುದ್ದ ನೀರಲ್ಲಿ ಏನಾಗ್ತದೆ ಬಿಡಿ” ಎಂದರು.

ಏನಾಗುತ್ತದೆ ಎಂಬುದು ಹೊಸಕೋಟೆಯ ಪಕ್ಕದ ಜಿಲ್ಲೆಯವರಿಗೆ ಗೊತ್ತಿದೆ. 2024ರ ಡಿಸೆಂಬರ್ 10ರಂದು ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ವಸತಿಶಾಲೆಯೊಂದರ ಮಕ್ಕಳು ಪ್ರವಾಸ ಬಂದು ಮುರುಡೇಶ್ವರದ ಕಡಲಿಗಿಳಿದರು. ಏಳು ಮಂದಿ ಹುಡುಗಿಯರನ್ನು ನೀರು ಎಳೆಯಿತು. ಮೂವರನ್ನು ಬದುಕಿಸಿಕೊಳ್ಳಲಾಯಿತು, ನಾಲ್ವರು ಹೋದರು. ಆಮೇಲೆ ನಡೆಯಬೇಕಾದುದೆಲ್ಲ ನಡೆಯಿತು. ಶಿಕ್ಷಕರ ಮೇಲೆ ಮೊಕದ್ದಮೆ, ಅಮಾನತು, ತಲೆಗೆ 5 ಲಕ್ಷ ರೂಪಾಯಿ ಪರಿಹಾರ, ಕೆಲಕಾಲ ಕಡಲತೀರಕ್ಕೆ ಬೀಗ. ಬೀಗ ತೆಗೆದ ಮೇಲೆ ಟೆಂಪೋಗಳು ಮತ್ತೆ ಬಂದವು.

ಬೀಗ ಹಾಕಬೇಕೆನ್ನುವವರು ಈಗಲೂ ಇದ್ದಾರೆ. ಶಾಲೆಯ ಮಕ್ಕಳನ್ನು ಸಮುದ್ರದ ಹತ್ತಿರ ಸುಳಿಯಗೊಡಬಾರದು, ಪ್ರವಾಸವೇ ಬೇಡ, ನಂದಿಬೆಟ್ಟ ತೋರಿಸಿ ಕರೆತನ್ನಿ ಎಂಬುದು ಇವರ ವಾದ. ಇವರ ಅಂತಃಕರಣ ದೊಡ್ಡದು, ಒಪ್ಪಿದೆ. ಆದರೆ ಇಂದು ತಡೆದ ಹುಡುಗಿ ನಾಳೆ ಕಾಲೇಜಿಗೆ ಸೇರಿ ಗೆಳತಿಯರ ಜೊತೆ ಹೋಗುವುದಿಲ್ಲವೆ? ಮದುವೆಯಾಗಿ ಗಂಡನ ಜೊತೆ ಹೋಗುವುದಿಲ್ಲವೆ? ಹತ್ತು ವರ್ಷ ತಡವಾಗಿ, ಅದೇ ಅಜ್ಞಾನದೊಡನೆ, ಅದೇ ನೀರಿಗೆ ಇಳಿಯುತ್ತಾಳೆ. ಎಲ್ಲವೂ ಹಣೆಬರಹ ಎನ್ನುವ ಇನ್ನೊಂದು ಪಕ್ಷದವರಿಗೆ ಉತ್ತರ ಕೊಡುವ ವ್ಯವಧಾನ ನನಗಿಲ್ಲ.

ನಮ್ಮ ಸೀಮೆಯವರಿಗೇ ಏಕೆ ಹೀಗಾಗುತ್ತದೆ ಎಂಬುದನ್ನು ಸ್ವಲ್ಪ ಯೋಚಿಸಬೇಕು. ನಮ್ಮ ಅಜ್ಜಂದಿರೂ ಸಮುದ್ರವನ್ನು ಕಂಡವರಲ್ಲ. ಆದರೆ ಅವರಿಗೆ ನೀರು ಗೊತ್ತಿತ್ತು. ಪ್ರತಿಯೊಂದು ಹಳ್ಳಿಯಲ್ಲೂ ಮೆಟ್ಟಿಲು ಕಟ್ಟಿದ ತೆರೆದ ಬಾವಿಗಳಿದ್ದವು; ಬೇಸಿಗೆಯ ರಜೆ ಬಂತೆಂದರೆ ಹುಡುಗರ ಸೊಂಟಕ್ಕೆ ಸೋರೆಬುರುಡೆಯನ್ನೋ ಬೆಂಡನ್ನೋ ಕಟ್ಟಿ, ಸೋದರಮಾವನೋ ಅಣ್ಣನೋ ದಡದಿಂದ ತಳ್ಳುತ್ತಿದ್ದ. ನಾಲ್ಕು ಗುಟುಕು ನೀರು ಕುಡಿದು, ಅತ್ತು, ಬೈದು, ವಾರ ಕಳೆಯುವುದರೊಳಗೆ ಬೆಂಡು ಬಿಚ್ಚುತ್ತಿದ್ದರು. ಹೆಣ್ಣುಮಕ್ಕಳಿಗೆ ಆ ಭಾಗ್ಯ ಕಡಿಮೆ ಇತ್ತೆಂಬುದನ್ನು ಮರೆಯಬಾರದು. ಹೋದ ಕಾಲವನ್ನು ಹೊಗಳುವವರು ಇದನ್ನು ಸಾಮಾನ್ಯವಾಗಿ ಮರೆಯುತ್ತಾರೆ. ಆದರೂ ನೀರಿಗೆ ಆಳವುಂಟು, ಉಸಿರು ಹಿಡಿಯಬೇಕು, ಗಾಬರಿಯಾದರೆ ಮುಳುಗುತ್ತೇವೆ ಎಂಬ ಬುದ್ಧಿ ಆ ಬಾವಿಕಟ್ಟೆಯಲ್ಲಿ ಊರಿಗೆಲ್ಲ ಹಂಚಿಕೆಯಾಗುತ್ತಿತ್ತು.

ಆ ಬಾವಿಗಳು ಇಂದು ಎಲ್ಲಿವೆ? ಕೊಳವೆಬಾವಿಗಳು ಸಾವಿರ ಅಡಿ ದಾಟಿ ಇಳಿದ ಮೇಲೆ ತೆರೆದ ಬಾವಿಗಳು ಬತ್ತಿ ಕಸದ ಗುಂಡಿಗಳಾದವು. ನಂದಿಯ ತಪ್ಪಲಲ್ಲಿ ಹುಟ್ಟಿ ದೊಡ್ಡಬಳ್ಳಾಪುರವನ್ನು ಹಾದುಹೋಗುವ ಅರ್ಕಾವತಿ ಮಳೆಗಾಲದಲ್ಲೂ ಹೊಳೆಯೆನ್ನಿಸಿಕೊಳ್ಳುವುದು ಅಪರೂಪ. ಕೆರೆಗಳಿಗೆ ಮಣ್ಣು ಬಿತ್ತು, ಮಣ್ಣಿನ ಮೇಲೆ ಬಡಾವಣೆ ಬಂತು. ಮಕ್ಕಳು ಇಂದು ಕಾಣುವ ಆಳದ ನೀರೆಂದರೆ ಕೃಷಿಹೊಂಡ ಒಂದೇ. ಪ್ಲಾಸ್ಟಿಕ್ ಹಾಳೆ ಹಾಸಿದ ಅದರ ಇಳಿಜಾರಿನಲ್ಲಿ ಒಮ್ಮೆ ಕಾಲು ಜಾರಿದರೆ ಹಿಡಿಯಲು ಒಂದು ಕಲ್ಲಿಲ್ಲ, ಬೇರಿಲ್ಲ. ಹಾಗೆ ಹೋದ ಮಕ್ಕಳ ಸುದ್ದಿ ನಮ್ಮ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಮೂಲೆಯೊಂದರಲ್ಲಿ ಬರುತ್ತದೆ. ಹೀಗೆ ಬಾವಿ, ಕೆರೆ, ಹೊಳೆ ಮೂರನ್ನೂ ಕಳೆದುಕೊಂಡ ಸೀಮೆಯ ಹುಡುಗ ತನ್ನ ಜೀವಮಾನದಲ್ಲಿ ಮೊದಲ ಬಾರಿಗೆ ಎದೆಮಟ್ಟದ ನೀರಿಗೆ ಇಳಿಯುವುದು ಎಲ್ಲಿ? ನೇರವಾಗಿ ಅರಬ್ಬೀ ಸಮುದ್ರಕ್ಕೆ! ಅಕ್ಷರಾಭ್ಯಾಸವಾಗದವನನ್ನು ಎಂ.ಎ. ಪರೀಕ್ಷೆಗೆ ಕೂರಿಸಿದ ಹಾಗಾಯಿತು.

ನೀರಿಗಿಳಿದ ಮೇಲೆ ಮಳೆಯೇನು ಚಳಿಯೇನು ಎಂಬ ಗಾದೆ ಯಾವುದೋ ಕೆರೆಯ ದಡದಲ್ಲಿ ಹುಟ್ಟಿರಬೇಕು. ಕಡಲ ದಡದಲ್ಲಂತೂ ಹುಟ್ಟಿದ್ದಲ್ಲ. ಕೆರೆಯ ನೀರು ನಿಂತ ನೀರು. ಕಡಲಿನದು ಹಾಗಲ್ಲ. ಅಲೆಗಳು ಒಂದರ ಹಿಂದೊಂದು ನೀರನ್ನು ದಡಕ್ಕೆ ತಂದು ಸುರಿಯುತ್ತವೆ. ಆ ನೀರು ಹಿಂದಿರುಗಲೇಬೇಕು. ಮರಳಿನ ದಿಬ್ಬದಲ್ಲಿ ಎಲ್ಲಿ ತಗ್ಗು ಸಿಕ್ಕಿತೋ ಅಲ್ಲಿ ಅದು ಕಾಲುವೆಯಂತೆ ಒಟ್ಟಾಗಿ, ರಭಸದಿಂದ ಒಳಕ್ಕೆ ಹರಿಯುತ್ತದೆ. ಕೌತುಕವೇನೆಂದರೆ, ಆ ಕಾಲುವೆಯ ಮೇಲೆ ಅಲೆ ಒಡೆಯುವುದಿಲ್ಲ. ಎರಡು ಕಡೆಯೂ ಬಿಳಿ ನೊರೆ, ನಡುವೆ ಹತ್ತು ಹದಿನೈದು ಮಾರು ಶಾಂತವಾದ ನೀರು. ನಮ್ಮವರು, ಅಲೆಗೆ ಹೆದರುವ ಸಜ್ಜನರು, ಮಕ್ಕಳನ್ನು ಕರೆದುಕೊಂಡು ಇಳಿಯುವುದು ಆ ಶಾಂತವಾದ ಜಾಗಕ್ಕೇ! ಸೆಳವಿಗೆ ಸಿಕ್ಕವನು ದಡದ ಕಡೆಗೆ ಮುಖ ಮಾಡಿ ಕೈಕಾಲು ಬಡಿಯುತ್ತಾನೆ, ದಣಿಯುತ್ತಾನೆ, ಮುಳುಗುತ್ತಾನೆ. ಸೆಳವಿಗೆ ಎದುರಾಗಿ ಈಜದೆ, ಮೈಯನ್ನು ತೇಲಬಿಟ್ಟು, ದಡಕ್ಕೆ ಸಮಾನವಾಗಿ ಪಕ್ಕಕ್ಕೆ ಸರಿದು, ಅಲೆ ಒಡೆಯುವ ಕಡೆಯಿಂದ ಹೊರಬರಬೇಕು, ಕೈಯೆತ್ತಿ ಕೂಗಬೇಕು. ಇಷ್ಟೇ ವಿದ್ಯೆ. ಕಪ್ಪುಹಲಗೆಯ ಮೇಲೆ ಗೆರೆ ಎಳೆದು ಕಾಲು ಗಂಟೆಯಲ್ಲಿ ಹೇಳಬಹುದು. ಆದರೆ ತೇಲಲು ಬರಬೇಕಲ್ಲ? ಅದನ್ನು ಕಪ್ಪುಹಲಗೆ ಕಲಿಸಲಾರದು. ಬಾರದವರು ಮೊಣಕಾಲು ದಾಟಬಾರದು, ಮಗುವಿನ ಕೈ ಬಿಡಬಾರದು, ಜೀವರಕ್ಷಕ ಇಲ್ಲದ ಕಡೆ ಇಳಿಯಲೇಬಾರದು.

ಇಲ್ಲಿ ಒಂದು ವಿಚಿತ್ರವನ್ನು ವಾಚಕರು ಗಮನಿಸಬೇಕು. ಅದೇ ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿಗೆ ಹೋಗಿ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಕ್ಕೆ ಮುಳುಗುವವರಲ್ಲಿ ಅನೇಕರಿಗೆ ಈಜು ಬರುವುದಿಲ್ಲ. ಅವರು ಹವಳ ನೋಡಿ, ಮೀನು ನೋಡಿ, ನಗುತ್ತ ಮೇಲೆ ಬರುತ್ತಾರೆ. ಏಕೆಂದರೆ ಇಳಿಯುವ ಮುನ್ನ ಉಸಿರಾಟ ಹೇಗೆ, ಕಿವಿ ನೋವಾದರೆ ಏನು ಮಾಡಬೇಕು, ಯಾವ ಸನ್ನೆಗೆ ಯಾವ ಅರ್ಥ ಎಂಬುದನ್ನು ಹೇಳಿಕೊಡುತ್ತಾರೆ. ಇಳಿದ ಮೇಲೆ ಪಳಗಿದ ಶಿಕ್ಷಕನ ಕೈ ಅವರನ್ನು ಬಿಡುವುದಿಲ್ಲ. ನಡುಗಡಲಿನಲ್ಲಿ ಹಲವು ಮೀಟರು ಆಳದಲ್ಲಿ ಕ್ಷೇಮವಾಗಿರುವ ಮನುಷ್ಯ ದಡದ ಸೊಂಟಮಟ್ಟದ ನೀರಿನಲ್ಲಿ ಸಾಯುತ್ತಾನೆ. ಬೀಗ ಹಾಕಬೇಕೆನ್ನುವವರು ಇದಕ್ಕೆ ಏನು ಹೇಳುತ್ತಾರೆ?

ನೇತ್ರಾಣಿಗೆ ಹೋಗುವವರಿಗೂ ನಮ್ಮ ಪಟ್ಟಿಕಾರರ ಅವಸರ ಮುಳುವಾಗಬಹುದು. ಮೇಲೆ ಹೇಳಿದ ಪಟ್ಟಿಯಲ್ಲಿ ಭಾನುವಾರದ ಕಾರ್ಯಕ್ರಮ ಹೀಗಿತ್ತು: ಬೆಳಿಗ್ಗೆ ನೇತ್ರಾಣಿಯಲ್ಲಿ ಮುಳುಗುವುದು, ಮಧ್ಯಾಹ್ನ ಕೊಲ್ಲೂರಿನಲ್ಲಿ ದರ್ಶನ, ಸಂಜೆ ಜೀಪಿನಲ್ಲಿ ಕೊಡಚಾದ್ರಿಗೆ ಹೋಗಿ ಸೂರ್ಯಾಸ್ತ. ನೀರಿನ ಆಳದಲ್ಲಿ ಒತ್ತಡದ ಗಾಳಿಯನ್ನು ಉಸಿರಾಡಿದಾಗ ಸಾರಜನಕ ನಮ್ಮ ರಕ್ತದಲ್ಲಿ, ಮಾಂಸದಲ್ಲಿ ಕರಗಿ ಸೇರುತ್ತದೆ. ಮೆಲ್ಲಮೆಲ್ಲಗೆ ಹೊರಕ್ಕೆ ಹೋಗಲು ಅದಕ್ಕೆ ಹೊತ್ತು ಬೇಕು. ಅಷ್ಟರೊಳಗೆ ಎತ್ತರಕ್ಕೆ ಏರಿದರೆ, ಗಾಳಿಯ ಒತ್ತಡ ತಗ್ಗಿ, ಮುಚ್ಚಳ ತೆಗೆದ ಸೋಡಾ ಶೀಸೆಯಲ್ಲಿ ಆಗುವಂತೆ, ಗುಳ್ಳೆಗಳೇಳುತ್ತವೆ. ಕೀಲು ನೋವಿನಿಂದ ಹಿಡಿದು ಲಕ್ವದವರೆಗೆ ಅದರ ಫಲ. ಒಂದೇ ಬಾರಿ ಮುಳುಗಿದವರು ಕನಿಷ್ಠ 12 ಗಂಟೆ, ಹಲವು ಬಾರಿ ಮುಳುಗಿದವರು 18 ಗಂಟೆ ವಿಮಾನ ಹತ್ತಬಾರದು, ಸುಮಾರು 600 ಮೀಟರಿಗಿಂತ ಎತ್ತರಕ್ಕೂ ಹೋಗಬಾರದು ಎಂಬುದು ಈ ವಿದ್ಯೆ ಬಲ್ಲವರ ನಿಯಮ. ಕೊಡಚಾದ್ರಿಯ ಎತ್ತರ 1,343 ಮೀಟರು. ನಮ್ಮ ಬೆಂಗಳೂರು ಸೀಮೆಯೇ 900 ಮೀಟರಿನ ಮೇಲಿದೆ. ಮೊದಲ ದಿನ ಹವಳ, ಮರುದಿನ ಕಡಲತೀರ, ಕೊನೆಗೆ ಕಾಡು ಮತ್ತು ಘಟ್ಟ ಎಂದು ಪಟ್ಟಿಯನ್ನು ತಿರುವಿ ಬರೆದರೆ ಖರ್ಚೇನೂ ಹೆಚ್ಚುವುದಿಲ್ಲ. ಒಂಬತ್ತು ಸ್ಥಳ ಮೂರಕ್ಕೆ ಇಳಿಯುತ್ತದೆ, ಅಷ್ಟೆ.

ಕಾಲವನ್ನೂ ನೋಡಬೇಕು. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆಯೇ ನಿಷಿದ್ಧ. ತಲೆತಲಾಂತರದಿಂದ ಕಡಲನ್ನು ಬಲ್ಲವರೂ ದಡದಲ್ಲಿ ಬಲೆ ಹೆಣೆಯುತ್ತ ಕೂರುತ್ತಾರೆ. ಬೆಂಗಳೂರಿನ ತರುಣರಿಗೆ ಮಾತ್ರ ಆಗಲೇ ಮಳೆಯ ಕಡಲನ್ನು ನೋಡುವ ಚಪಲ. ನೇತ್ರಾಣಿಯ ದೋಣಿಗಳು ಹೊರಡುವುದು ಅಕ್ಟೋಬರಿನ ನಂತರ. ಕಾಡಿಗೂ ಅದೇ ಒಳ್ಳೆಯ ಕಾಲ: ಹಳ್ಳಗಳಲ್ಲಿ ನೀರಿರುತ್ತದೆ, ಉಂಬಳದ ಕಾಟ ಇಳಿದಿರುತ್ತದೆ.

ಹವಳದ ಮಾತನ್ನು ಹೇಳದೆ ಮುಂದೆ ಹೋಗಲಾರೆ. ಹವಳವೆಂದರೆ ಉಂಗುರಕ್ಕೆ ಕೂರಿಸುವ ಕೆಂಪು ಕಲ್ಲೆಂದೇ ನಮ್ಮಲ್ಲಿ ಅನೇಕರ ನಂಬಿಕೆ. ನೇತ್ರಾಣಿಯ ಹವಳ ಜೀವಂತ ಪ್ರಾಣಿಗಳ ಊರು. ಕಣ್ಣಿಗೆ ಕಾಣದಷ್ಟು ನಿಧಾನವಾಗಿ, ವರ್ಷಕ್ಕೆ ಬೆರಳಿನ ಅಗಲವೂ ಇಲ್ಲದಷ್ಟು ಬೆಳೆಯುವ ಜಾತಿಗಳು ಅದರಲ್ಲಿವೆ. ಮಾತು ಕೇಳದೆ ಕಾಲು ಬಡಿಯುವವನ ಒಂದು ಒದೆತಕ್ಕೆ, ಎಲ್ಲೆಂದರಲ್ಲಿ ಎಸೆದ ಒಂದು ಲಂಗರಿಗೆ, ಒಂದು ತಲೆಮಾರಿನ ಬೆಳವಣಿಗೆ ಮುರಿದುಬೀಳುತ್ತದೆ. ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಪಟ್ಟಿಗೆ 2001ರಲ್ಲಿ ಹವಳವನ್ನು ಸೇರಿಸಿದ್ದಾರೆ. ಹುಲಿ ಇರುವುದೂ ಅದೇ ಪಟ್ಟಿಯಲ್ಲಿ. ಬಂಡೀಪುರದಲ್ಲಿ ಹುಲಿಯ ಕಿವಿ ಹಿಂಡಿ ಬರುತ್ತೇನೆಂದು ಯಾರೂ ಹೊರಡುವುದಿಲ್ಲ. ಹವಳದ ಚೂರನ್ನು ಜೇಬಿಗಿಳಿಸಿ ತಂದು ಷೋಕೇಸಿನಲ್ಲಿಡುವವರು ಬೇಕಾದಷ್ಟಿದ್ದಾರೆ. ನೌಕಾಪಡೆಯವರು ಇದೇ ದ್ವೀಪವನ್ನು ಗುರಿ ಅಭ್ಯಾಸಕ್ಕೆ ಬಳಸಿದ್ದೂ ಉಂಟು. ಆದ್ದರಿಂದ ಪ್ರವಾಸಿಗಳೊಬ್ಬರನ್ನೇ ದೂರುವುದು ನ್ಯಾಯವಲ್ಲ. ಆದರೂ ಜಗತ್ತಿನಾದ್ಯಂತ ಕಡಲು ಬಿಸಿಯೇರಿ ಹವಳ ಬಿಳಿಚಿಕೊಳ್ಳುತ್ತಿರುವ ಈ ವರ್ಷಗಳಲ್ಲಿ ನಮ್ಮ ಕಾಲಿನ ಒದೆತವೊಂದು ಅದಕ್ಕೆ ಬಾಕಿಯಿರಲಿಲ್ಲ.

ಆಸ್ಟ್ರೇಲಿಯದ ಉತ್ತರ ಭಾಗದಲ್ಲಿ ಕೇರ್ನ್ಸ್ ಎಂಬ ಊರಿದೆ. ಮುರುಡೇಶ್ವರದ ಹಾಗೆಯೇ: ಮುಂದೆ ಹವಳದ ಮಹಾದಂಡೆ, ಹಿಂದೆ ಮಳೆಕಾಡು. ಅದರ ವೈಭವವನ್ನು ನಮಗೆ ಹೋಲಿಸಿ ಹಲುಬುವುದು ನನ್ನ ಉದ್ದೇಶವಲ್ಲ. ಅಲ್ಲಿಯ ಒಂದು ರೂಢಿಯನ್ನು ಮಾತ್ರ ಹೇಳುತ್ತೇನೆ. ಅಲ್ಲಿ ಪ್ರವಾಸಿಗೆ ಮೊದಲು ತಿಳಿಸುವುದು ಯಾವುದನ್ನು ಮಾಡಬಾರದೆಂಬುದನ್ನು. ನವೆಂಬರಿನಿಂದ ಮೇ ತಿಂಗಳವರೆಗೆ ನೀರಿನಲ್ಲಿ ಪ್ರಾಣಾಂತಕವಾದ ವಿಷದ ಲೋಳೆಮೀನುಗಳಿರುತ್ತವೆ, ಬಲೆ ಕಟ್ಟಿದ ಕಡೆ ಮಾತ್ರ ಇಳಿಯಿರಿ. ಈ ಅಳಿವೆಯಲ್ಲಿ ಮೊಸಳೆಯಿದೆ, ದಡದಲ್ಲೂ ನಿಲ್ಲಬೇಡಿ. ಕೆಂಪು ಹಳದಿ ಬಾವುಟಗಳೆರಡರ ನಡುವೆಯೇ ಈಜಿರಿ. ಇಷ್ಟೆಲ್ಲ ಹೆದರಿಸಿದರೂ ಅಲ್ಲಿಗೆ ಹೋಗುವವರು ಕಡಿಮೆಯಾಗಿಲ್ಲ. ನಮ್ಮ ಪ್ರವಾಸೋದ್ಯಮದವರು ಗೋಪುರದ ಚಿತ್ರದ ಕೆಳಗೆ ಸೆಳವಿನ ಚಿತ್ರವೊಂದನ್ನು ಅಚ್ಚುಹಾಕಿದರೆ ಜನ ಓಡಿಹೋಗುತ್ತಾರೆಂದು ಹೆದರಬೇಕಾಗಿಲ್ಲ.

ಶ್ರೀಮಂತ ದೇಶದ ಮಾತು ನಮಗೇಕೆ ಎನ್ನುವವರಿಗೆ ಬಾಂಗ್ಲಾದೇಶವನ್ನು ತೋರಿಸುತ್ತೇನೆ. ಅಲ್ಲಿ ಸುಮಾರು ಎರಡು ದಶಕಗಳಿಂದ ಹಳ್ಳಿಯ ಕೊಳದಲ್ಲೇ ಬಿದಿರಿನ ಅಟ್ಟಣೆ ಕಟ್ಟಿ, ಅದರ ಆವರಣದೊಳಗೆ ಸಣ್ಣ ಮಕ್ಕಳಿಗೆ ಈಜು ಕಲಿಸುತ್ತಿದ್ದಾರೆ. ಕಲಿಸುವವರು ಅದೇ ಊರಿನ ತರುಣರು, ತರುಣಿಯರು. ಪರೀಕ್ಷೆ ಬಹಳ ಸರಳ: 25 ಮೀಟರು ಈಜಬೇಕು, 30 ಸೆಕೆಂಡು ತೇಲಬೇಕು. ಅಮೃತಶಿಲೆಯ ಕೊಳವಿಲ್ಲ, ಒಲಿಂಪಿಕ್ಸಿನ ಕನಸಿಲ್ಲ, ಟಿಕೇಟಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಶಾಲಾವಯಸ್ಸಿನ ಮಕ್ಕಳಿಗೆ ಈಜನ್ನೂ ನೀರಿನ ಎಚ್ಚರವನ್ನೂ ಕಲಿಸಬೇಕೆಂದು ಎಲ್ಲ ದೇಶಗಳಿಗೂ ಹೇಳುತ್ತ ಬಂದಿದೆ. 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರೆಂದು ಅದು ವರದಿ ಹೊರಡಿಸಿದ್ದು 2024ರ ಡಿಸೆಂಬರಿನಲ್ಲಿ, ಮುಳಬಾಗಿಲಿನ ಹುಡುಗಿಯರು ಹೋದ ಅದೇ ವಾರದಲ್ಲಿ. ನಾವು ಆಗ ಶಿಕ್ಷಕರನ್ನು ಅಮಾನತು ಮಾಡುವುದರಲ್ಲಿ ತೊಡಗಿದ್ದೆವು. ಆ ಶಿಕ್ಷಕರಿಗೂ ಸಮುದ್ರವನ್ನು ಯಾರೂ ಕಲಿಸಿರಲಿಲ್ಲ ಎಂಬುದನ್ನು ಹೇಳಿದರೆ ತಪ್ಪನ್ನು ಮುಚ್ಚಿದಂತಾಗುವುದಿಲ್ಲ. ನಾಳೆ ಮಕ್ಕಳನ್ನು ಕರೆದೊಯ್ಯುವ ಶಿಕ್ಷಕರ ಸ್ಥಿತಿಯೂ ಅದೇ.

ಪ್ರವಾಸಕ್ಕೆ ಅನುಮತಿ ಕೊಡುವ ಶಿಕ್ಷಣ ಇಲಾಖೆಯವರು ಬಸ್ಸಿನ ಕಾಗದ, ಪೋಷಕರ ಒಪ್ಪಿಗೆ, ಹೆಣ್ಣುಮಕ್ಕಳಿದ್ದರೆ ಶಿಕ್ಷಕಿಯರು, ಎಲ್ಲವನ್ನೂ ಕೇಳುತ್ತಾರೆ. ಸರಿ. ಕಡಲತೀರಕ್ಕೆ ಹೋಗುವುದಾದರೆ ಇನ್ನೂ ಎರಡನ್ನು ಕೇಳಲಿ: ಈ ತಂಡದಲ್ಲಿ ತೇಲಲು ಬಲ್ಲ ಮಕ್ಕಳೆಷ್ಟು, ಮುಳುಗುವವರನ್ನು ಎತ್ತಲು ಬಲ್ಲ ಹಿರಿಯರೆಷ್ಟು? ಎರಡಕ್ಕೂ ಸೊನ್ನೆ ಎಂದು ಬರೆದ ಶಾಲೆಯವರು ಗೋಪುರದ ಲಿಫ್ಟ್ ಹತ್ತಿ ಮೇಲಿನಿಂದ ಸಮುದ್ರ ನೋಡಿ ಬರಲಿ. ಅದೂ ಚೆನ್ನಾಗಿಯೇ ಕಾಣುತ್ತದೆ.

ಬಿದಿರು ಕಟ್ಟಲು ನಮ್ಮಲ್ಲಿ ಕೊಳವೆಲ್ಲಿ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ದೊಡ್ಡತುಮಕೂರು, ಚಿಕ್ಕತುಮಕೂರು ಕೆರೆಗಳಿಗೆ ದೊಡ್ಡಬಳ್ಳಾಪುರದ ಚರಂಡಿಯೂ ಕಾರ್ಖಾನೆಗಳ ಕೊಳೆಯೂ ಸೇರುತ್ತಿದೆಯೆಂದು ಅಲ್ಲಿಯ ಹಳ್ಳಿಗರು ಬೀದಿಗಿಳಿದು ಹೋರಾಡಿದ್ದಾರೆ. ದೇವನಹಳ್ಳಿ ಕಡೆಯ ಕೆಲವು ಕೆರೆಗಳಿಗೆ ಹೆಬ್ಬಾಳ–ನಾಗವಾರ ಕಣಿವೆಯಿಂದ ಬರುವುದು ಬೆಂಗಳೂರಿನವರು ಬಳಸಿಬಿಟ್ಟ, ಸಂಸ್ಕರಿಸಿದ ನೀರು. ಅಂತರ್ಜಲಕ್ಕೆ ಆಗಬಹುದು, ಮಗುವಿನ ಬಾಯಿಗೆ ಆಗದು. ಈಚಿನ ವರ್ಷಗಳ ಒಳ್ಳೆಯ ಮಳೆಗೆ ಕೆರೆಗಳು ಕೋಡಿ ಬಿದ್ದಾಗ ನಾವು ಬಾಜಾ ಬಜಂತ್ರಿಯೊಡನೆ ಹೋಗಿ ಬಾಗಿನ ಅರ್ಪಿಸಿದೆವು, ಪತ್ರಿಕೆಗಳಲ್ಲಿ ಚಿತ್ರ ಬಂತು. ಆ ನೀರಿಗೆ ಒಬ್ಬ ತಾಯಿಯಾದರೂ ತನ್ನ ಮಗುವನ್ನು ಇಳಿಸುವ ಧೈರ್ಯ ಮಾಡಿದಳೆ? ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ನಾಲ್ಕು ತಾಲ್ಲೂಕುಗಳಲ್ಲಿ ತಾಲ್ಲೂಕಿಗೆ ಒಂದು, ಹೆಚ್ಚು ಬೇಡ, ಮಗು ನಿರ್ಭಯವಾಗಿ ಇಳಿಯಬಹುದಾದ ಒಂದೊಂದು ಕೆರೆಯ ಹೆಸರನ್ನು ಜಿಲ್ಲಾ ಪಂಚಾಯಿತಿಯವರು ಬರುವ ಡಿಸೆಂಬರಿನ ಪ್ರವಾಸಗಳು ಹೊರಡುವುದಕ್ಕೆ ಮುಂಚೆ ಪ್ರಕಟಿಸಲಿ.